ಲಿಸ್ಬನ್‌ಗೆ ರಜೆ, ಬೀದಿಗೆ ಬೂತಾಯಿ, ರಾತ್ರಿಗೆ ಫಾದೋ

ಪೋರ್ಚುಗಲ್‌ನಲ್ಲಿ ಒಂದೊಂದು ಊರಿಗೂ ಅದರದ್ದೇ ಒಂದು ರಜಾದಿನ ಇದೆ. ಆ ದಿನ ಆ ಊರಿನವರಿಗೆ ಮಾತ್ರ ರಜೆ, ಪಕ್ಕದ ಊರಿನವರು ಎಂದಿನಂತೆ ಆಫೀಸಿಗೆ ಹೋಗಬೇಕು. ಪೋರ್ತೊ ನಗರಕ್ಕೆ ಜೂನ್ 24, ಸಿಂತ್ರಾಕ್ಕೆ ಜೂನ್ 29, ರಾಜಧಾನಿ ಲಿಸ್ಬನ್‌ಗೆ ಜೂನ್ 13. ಅದು ಸಂತ ಅಂತೋಣಿಯ ದಿನ. ಆದರೆ ಗಲಾಟೆಯೆಲ್ಲ ಹಿಂದಿನ ರಾತ್ರಿಯೇ. 13ರ ರಜೆ ಇರುವುದು ನಿದ್ದೆ ಮಾಡುವುದಕ್ಕೆ ಎಂದರೂ ತಪ್ಪಿಲ್ಲ.

ನನ್ನ ಚಿಕ್ಕಮ್ಮನ ಮಗಳು ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. "ಅಕ್ಕ, ಬರುದಾದ್ರೆ ಜೂನ್ ಎರಡನೇ ವಾರ ಬಾ. ಬೇರೆ ದಿನ ಬಂದ್ರೆ ಬರೀ ಕಟ್ಟಡ ನೋಡಿ ಹೋಗ್ತೀರಿ" ಎಂದು ತುಂಬ ದಿನದಿಂದ ಕರೆಯುತ್ತಿದ್ದಳು. ನಾನು ಮಲ್ಪೆ ಕಡೆಯವಳು, ನಮ್ಮೆಜಮಾನ್ರು ಕೆ.ಆರ್. ನಗರದವರು. ನನಗೆ ಸಮುದ್ರ, ಮೀನು ಇದ್ದರೆ ಸಾಕು. ಅವರಿಗೆ ಸಂಗೀತ ಬೇಕು. ಲಿಸ್ಬನ್‌ನಲ್ಲಿ ಎರಡೂ ಇದೆ, ಸಂಗೀತಕ್ಕೆ ಫಾದೋ ಎಂಬ ಅಲ್ಲಿಯದೇ ಹಾಡುಗಾರಿಕೆ.

ಜೂನ್ 11, ಬುಧವಾರ

ಮೊದಲ ದಿನವೇ ಬೆಲೆಂಗೆ ಹೋಗಿಬಂದೆವು. ಕಾರಣ ಸರಳ. ಅಲ್ಲಿನ ಜೆರೊನಿಮುಸ್ ಮಠ ಜೂನ್ 13ರಂದು ಬಾಗಿಲು ಹಾಕಿರುತ್ತದೆ, ಊರಿನ ರಜೆ ಅದಕ್ಕೂ ರಜೆ. ಇದು ಗೊತ್ತಿಲ್ಲದೆ ರಜೆಯ ದಿನ ಆರಾಮವಾಗಿ ನೋಡೋಣ ಎಂದು ಇಟ್ಟುಕೊಳ್ಳುವವರು ಗೇಟು ನೋಡಿ ವಾಪಸ್ ಬರಬೇಕಾಗುತ್ತದೆ. ಟಿಕೆಟ್ ತೆಗೆಯುವ ಮುಂಚೆ ದಿನ ನೋಡಿಕೊಳ್ಳಿ.

1501ರಲ್ಲಿ ಕಟ್ಟಲು ಶುರು ಮಾಡಿದ ಮಠ ಇದು. ಕಂಬ ಕಂಬದಲ್ಲೂ ಕಲ್ಲಿನ ಹಗ್ಗ, ಕಲ್ಲಿನ ಚಿಪ್ಪು, ಕಲ್ಲಿನ ಕಡಲಗಿಡ. ಹಡಗಿನ ದುಡ್ಡಿನಲ್ಲಿ ಎದ್ದ ಕಟ್ಟಡ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಚರ್ಚಿನೊಳಗೆ ಹೋಗುತ್ತಿದ್ದಂತೆ ಎಡಗಡೆ ವಾಸ್ಕೋ ಡ ಗಾಮನ ಸಮಾಧಿ. ಎದೆಯ ಮೇಲೆ ಕೈ ಜೋಡಿಸಿ ಕಲ್ಲಿನ ಗಾಮ ಮಲಗಿದ್ದಾನೆ. ಸತ್ತದ್ದು ಕೊಚ್ಚಿಯಲ್ಲಿ, 1524ರಲ್ಲಿ. ಮೊದಲು ಹೂತದ್ದೂ ಅಲ್ಲೇ, ಆಮೇಲೆ ಊರಿಗೆ ತಂದರು. ಮಲ್ಪೆಯ ಎದುರಿನ ದ್ವೀಪಕ್ಕೆ ಸೇಂಟ್ ಮೇರಿ ಹೆಸರು ಇಟ್ಟದ್ದು ಇವನೇ ಎಂದು ಸಣ್ಣವಳಿದ್ದಾಗಿನಿಂದ ಕೇಳಿಕೊಂಡು ಬಂದವಳು ನಾನು. ಹಾಗಾಗಿ ಸ್ವಲ್ಪ ಹೊತ್ತು ನಿಂತೆ. ಪಕ್ಕದಲ್ಲಿ ಒಬ್ಬ ಗೈಡ್ ತನ್ನ ಗುಂಪಿಗೆ ಇಂಗ್ಲಿಷಿನಲ್ಲಿ ಕಾಳುಮೆಣಸಿನ ಕಥೆ ಹೇಳುತ್ತಿದ್ದ. ಆ ಕಥೆಯಲ್ಲಿ ಕಾಳುಮೆಣಸು ಬೆಳೆದವರೂ ಇರಲಿಲ್ಲ, ಪೋರ್ಚುಗೀಸರ ಹಡಗುಗಳ ಜೊತೆ ಬಡಿದಾಡಿದ ಉಳ್ಳಾಲದ ಅಬ್ಬಕ್ಕನೂ ಇರಲಿಲ್ಲ. ನಾನೇ ಹೇಳೋಣ ಅನ್ನಿಸಿತು. "ಸುಮ್ನಿರೇ, ರಜಕ್ಕೆ ಬಂದಿದೀವಿ" ಎಂದರು ಇವರು.

ಬೆಲೆಂ ಗೋಪುರವನ್ನು ಹೊರಗಿನಿಂದಲೇ ನೋಡಿದೆವು. ಆಮೇಲೆ 1837ರಿಂದ ನಡೆಯುತ್ತಿರುವ ಅಂಗಡಿಯಲ್ಲಿ ಪಾಸ್ತೆಲ್ ದ ಬೆಲೆಂ ತಿಂದೆವು. ಪದರ ಪದರದ ಗರಿಗರಿ ಬಟ್ಟಲು, ಒಳಗೆ ಮೊಟ್ಟೆಯ ಹಳದಿಯ ಕಸ್ಟರ್ಡ್, ಮೇಲೆ ಉದುರಿಸಿಕೊಳ್ಳಲು ಚಕ್ಕೆ ಪುಡಿ. ಬಿಸಿ ಇರುವಾಗಲೇ ತಿನ್ನಬೇಕು. ಮನೆಗೆ ಕಟ್ಟಿಸಿಕೊಂಡದ್ದು ಸಂಜೆಗೆ ಮೆತ್ತಗಾಗಿತ್ತು.

ಜೂನ್ 12, ಗುರುವಾರ

ಬೆಳಿಗ್ಗೆಯಿಂದಲೇ ಊರಿನಲ್ಲಿ ಮದುವೆ ಮನೆಯ ಓಡಾಟ. ಮದುವೆಯೇ ಇತ್ತು ಅನ್ನಿ. ಸಂತ ಅಂತೋಣಿ ಇಲ್ಲಿ ಮದುವೆ ಮಾಡಿಸುವ ಸಂತ. ಗಂಡು ಸಿಗದ ಹುಡುಗಿಯರು ಆತನ ಮೂರ್ತಿಯನ್ನು ತಲೆಕೆಳಗು ನಿಲ್ಲಿಸಿ, ಗಂಡು ಸಿಕ್ಕ ಮೇಲೆ ನೆಟ್ಟಗೆ ಮಾಡುತ್ತಿದ್ದರಂತೆ. ಪ್ರತಿವರ್ಷ ಜೂನ್ 12ರಂದು ನಗರಸಭೆ 16 ಜೋಡಿಗಳಿಗೆ ಸಾಮೂಹಿಕ ಮದುವೆ ಮಾಡಿಸುತ್ತದೆ. 1958ರಲ್ಲಿ ಒಂದು ಪತ್ರಿಕೆ ಬಡ ಜೋಡಿಗಳಿಗಾಗಿ ಶುರು ಮಾಡಿದ್ದು. 1974ರ ಕ್ರಾಂತಿಯ ಹೊತ್ತಿಗೆ ನಿಂತುಹೋಗಿ, 1997ರಲ್ಲಿ ಮತ್ತೆ ಶುರುವಾಯಿತು. ಸೆ ಕೆಥೆಡ್ರಲ್ ಎದುರು ಬೇಲಿ ಹಾಕಿದ್ದರು. ಬೇಲಿಯ ಈಚೆಗೆ ಅಜ್ಜಿಯರ ಸಾಲು, ಒಬ್ಬೊಬ್ಬ ಮದುಮಗಳು ಕಾರಿನಿಂದ ಇಳಿದಾಗಲೂ ಬಟ್ಟೆಯ ಬಗ್ಗೆ ಚರ್ಚೆ. ಭಾಷೆ ಬರದಿದ್ದರೂ ಮುಖ ನೋಡಿದರೆ ಯಾವ ಗೌನು ಪಾಸು, ಯಾವುದು ಫೇಲು ಎಂದು ಗೊತ್ತಾಗುತ್ತಿತ್ತು.

ದಾರಿಯುದ್ದಕ್ಕೂ ಮಂಜೆರಿಕು ಮಾರುತ್ತಿದ್ದರು. ನಮ್ಮ ಕಾಮಕಸ್ತೂರಿಯ ಸಣ್ಣ ಎಲೆಯ ತಳಿ ಅದು. ಮುಷ್ಟಿಯಷ್ಟು ಕುಂಡ, ಅದರಲ್ಲಿ ಕತ್ತರಿಸಿ ಇಟ್ಟ ಹಾಗೆ ಗುಂಡಗೆ ಬೆಳೆದ ಗಿಡ. ಅದಕ್ಕೊಂದು ಕಾಗದದ ಹೂ, ಒಂದು ಪುಟ್ಟ ಬಾವುಟ. ಬಾವುಟದ ಮೇಲೆ ನಾಲ್ಕು ಸಾಲಿನ ಪದ್ಯ. ಹುಡುಗ ಹುಡುಗಿಗೆ ಕೊಡಬೇಕಾದ ಗಿಡ ಇದು, ಪದ್ಯವೂ ಆ ತರದ್ದೇ. ನಾನು ಬಗ್ಗಿ ಮೂಗು ಹತ್ತಿರ ತಂದದ್ದೇ ತಡ, ಮಾರುವಾಕೆ "ನಾವು, ನಾವು" ಎಂದು ಕೂಗಿದಳು. ಹಾಗೆಂದರೆ ಬೇಡ ಬೇಡ ಅಂತ. ಮೂಗು ತಾಗಿಸಿದರೆ ಗಿಡ ಬಾಡುತ್ತದೆ ಎಂಬ ನಂಬಿಕೆ. ಅಂಗೈಯನ್ನು ಎಲೆಗಳ ಮೇಲೆ ಮೆಲ್ಲಗೆ ಸವರಿ, ಆಮೇಲೆ ಅಂಗೈ ಮೂಸಬೇಕು. ಹಾಗೇ ಮಾಡಿದೆ. ತುಳಸಿಯೂ ಅಲ್ಲ, ಕಾಮಕಸ್ತೂರಿಯೂ ಅಲ್ಲ ಅನ್ನುವಂಥ ಪರಿಮಳ, ಜೊತೆಗೆ ಒಂಚೂರು ನಿಂಬೆ. ಊಟದ ಹೊತ್ತಿಗೂ ಕೈಯಲ್ಲಿ ಉಳಿದಿತ್ತು. ಇವರು ಒಂದು ಕುಂಡ ತೆಗೆದುಕೊಟ್ಟರು. "ಭಾವ, ಪದ್ಯ ಏನುಂಟು ಅಂತ ಓದ್ಲಾ?" ಎಂದು ತಂಗಿ ಕೇಳಿದ್ದಕ್ಕೆ "ಬೇಡ, ಹಂಗೇ ಇರ್ಲಿ" ಎಂದು ನಾಚಿಕೊಂಡರು.

ಮಧ್ಯಾಹ್ನ ಬೈಶಾದ ನೇರ ಬೀದಿಗಳಲ್ಲಿ ಸುತ್ತಿದೆವು. 1755ರ ನವೆಂಬರ್ 1ರಂದು ಭೂಕಂಪ, ಸಮುದ್ರದ ಅಲೆ, ಬೆಂಕಿ ಮೂರೂ ಒಟ್ಟಿಗೆ ಬಂದು ಈ ಭಾಗ ನೆಲಸಮವಾಗಿತ್ತು. ಸ್ಕೇಲ್ ಇಟ್ಟು ಗೆರೆ ಎಳೆದು ಹೊಸದಾಗಿ ಕಟ್ಟಿಸಿದವನು ಮಂತ್ರಿ ಪೊಂಬಾಲ್. ಗೋಡೆಗಳೊಳಗೆ ಮರದ ಚೌಕಟ್ಟು ಇಟ್ಟು, ನೆಲ ಅಲುಗಿದರೆ ಮನೆಯೂ ಬಳುಕಿಕೊಂಡು ನಿಲ್ಲುವ ಹಾಗೆ ಮಾಡಿಸಿದ. ಮೇಲಿನ ಗುಡ್ಡದಲ್ಲಿ ಕಾರ್ಮೊ ಚರ್ಚು ಮಾತ್ರ ಬಿದ್ದ ಹಾಗೇ ಇದೆ. ಚಾವಣಿ ಇಲ್ಲ, ಕಮಾನುಗಳಷ್ಟೇ, ಮೇಲೆ ಆಕಾಶ. ಲಿಸ್ಬನ್‌ನಲ್ಲಿ ಒಂದೇ ಕಟ್ಟಡ ನೋಡಲು ಸಮಯ ಇದ್ದರೆ ಮಠ ಬಿಟ್ಟು ಇದನ್ನು ನೋಡಿ ಎನ್ನುತ್ತೇನೆ ನಾನು.

ರಾತ್ರಿ ಅವೆನಿದಾ ದ ಲಿಬೆರ್ದಾದ್ ಎಂಬ ದೊಡ್ಡ ರಸ್ತೆಯಲ್ಲಿ ಮಾರ್ಶಾಸ್. ಕೇರಿ ಕೇರಿಗಳ ನಡುವಿನ ಮೆರವಣಿಗೆ ಸ್ಪರ್ಧೆ ಅದು. 1932ರಿಂದ ಇದೆ. ಅಲ್ಫಾಮಾ, ಬಿಕಾ, ಮೊರಾರಿಯಾ, ಮದ್ರಗೋವಾ, ಮಾರ್ವಿಲಾ ಹೀಗೆ ಒಂದೊಂದು ಕೇರಿಯದ್ದು ಒಂದೊಂದು ತಂಡ. ಗಂಡು ಹೆಣ್ಣು ಜೋಡಿ ಜೋಡಿಯಾಗಿ, ಒಂದೇ ತರದ ವೇಷ, ತಲೆಯ ಮೇಲೆ ಎತ್ತಿ ಹಿಡಿದ ದೊಡ್ಡ ಕಮಾನುಗಳು. ಕಮಾನಿನಲ್ಲಿ ಆ ಕೇರಿಯ ಗುರುತು: ದೋಣಿ, ಬಾವಿ, ಮೀನುಬುಟ್ಟಿ. ಹಿಂದೆ ಟ್ರಂಪೆಟ್, ಸ್ಯಾಕ್ಸೊಫೋನ್, ಡ್ರಮ್‌ಗಳ ಸಣ್ಣ ಬ್ಯಾಂಡು. ಕುಣಿಯುವವರು ವೃತ್ತಿಯವರಲ್ಲ. ತಿಂಗಳುಗಟ್ಟಲೆ ಕೆಲಸ ಮುಗಿಸಿ ಬಂದು ರಾತ್ರಿ ಪ್ರಾಕ್ಟೀಸ್ ಮಾಡಿದ ಟೈಲರ್, ಡ್ರೈವರ್, ಕಾಲೇಜು ಹುಡುಗಿಯರು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಒಂಬತ್ತು ಗಂಟೆಗೆ, ಹಾಗಾಗಿ ಶುರುವಾಗುವುದೂ ತಡ. ಒಂದೊಂದು ತಂಡವೂ ನಿಂತು, ಕುಣಿದು, ಮುಂದೆ ಹೋಗಬೇಕು. ನಿಜ ಹೇಳಬೇಕೆಂದರೆ ಐದಾರು ತಂಡ ಆದಮೇಲೆ ಎಲ್ಲ ಒಂದೇ ತರ ಕಾಣತೊಡಗಿತು. ಸ್ವಂತ ಕೇರಿ ಇಲ್ಲದವರಿಗೆ ಅಷ್ಟು ಹೊತ್ತು ನೋಡುವ ತಾಳ್ಮೆ ಕಷ್ಟ. ಪಕ್ಕದಲ್ಲಿದ್ದ ಹೆಂಗಸು ಮಾತ್ರ ತನ್ನ ಕೇರಿ ಬಂದಾಗ ಗಂಟಲು ಕಟ್ಟುವಷ್ಟು ಕೂಗಿದಳು, ಬೇರೆಯವರು ಬಂದಾಗ ಫೋನು ನೋಡಿಕೊಂಡು ಕೂತಳು.

ನಾವು ಎದ್ದು ಅಲ್ಫಾಮಾಕ್ಕೆ ನಡೆದೆವು. 28ನೇ ನಂಬರಿನ ಹಳದಿ ಟ್ರಾಮ್ ಆ ಜನಜಂಗುಳಿಯಲ್ಲಿ ನುಗ್ಗುವ ಮಾತೇ ಇಲ್ಲ. ಅಲ್ಫಾಮಾ ಬಂಡೆಯ ಮೇಲೆ ಕೂತ ಕೇರಿ, ಭೂಕಂಪದಲ್ಲಿ ಹೆಚ್ಚುಕಮ್ಮಿ ಉಳಿದುಕೊಂಡದ್ದು. ಹಾಗಾಗಿ ಓಣಿಗಳೆಲ್ಲ ಹಳೆಯವು. ಕೈ ಚಾಚಿದರೆ ಎರಡೂ ಕಡೆಯ ಗೋಡೆ ಸಿಗುತ್ತದೆ, ಎರಡು ತಿರುವಿಗೊಮ್ಮೆ ಮೆಟ್ಟಿಲು. ಮೇಲೆ ಬಣ್ಣಬಣ್ಣದ ಕಾಗದದ ತೋರಣ. ಮನೆ ಮನೆಯ ಬಾಗಿಲಲ್ಲೂ ಒಂದು ಕೆಂಡದ ಒಲೆ, ಒಂದು ಟೇಬಲ್ಲು, ಬಿಯರ್‌ನ ಪೀಪಾಯಿ. ಹೊಗೆ ಎಂದರೆ ಹೊಗೆ. ಕಣ್ಣು ಉರಿಯುತ್ತಿತ್ತು.

ಆ ಹೊಗೆಯ ವಾಸನೆ ನನಗೆ ಪರಿಚಯದ್ದೇ ಆಗಿತ್ತು. ಸಾರ್ಡೀನ್. ನಮ್ಮ ಬೂತಾಯಿಯ ನೆಂಟ, ಗಾತ್ರದಲ್ಲಿ ಸ್ವಲ್ಪ ದೊಡ್ಡದು. ಇಲ್ಲಿಯವರು ಮಸಾಲೆ ಹಚ್ಚುವುದಿಲ್ಲ, ಹೊಟ್ಟೆಯನ್ನೂ ಕ್ಲೀನ್ ಮಾಡುವುದಿಲ್ಲ. ಹರಳುಪ್ಪು ಎರಚಿ ಇಡೀ ಮೀನನ್ನು ಕೆಂಡದ ಮೇಲೆ ಮಲಗಿಸುವುದು, ತಿರುಗಿಸುವುದು, ಅಷ್ಟೇ. ದಪ್ಪ ಬ್ರೆಡ್ಡಿನ ಹೋಳಿನ ಮೇಲೆ ಇಟ್ಟು ಕೊಡುತ್ತಾರೆ. ಮೀನನ್ನು ಬೆರಳಲ್ಲಿ ಬಿಡಿಸಿ ತಿನ್ನುತ್ತಾ ಹೋದ ಹಾಗೆ ಎಣ್ಣೆಯೆಲ್ಲ ಬ್ರೆಡ್ಡಿಗೆ ಇಳಿಯುತ್ತದೆ. ಕೊನೆಗೆ ಆ ಬ್ರೆಡ್ಡು ತಿನ್ನಬೇಕು, ಅದೇ ರುಚಿ. ಪುಳಿಮುಂಚಿ ಇಲ್ಲದೆ ಬೂತಾಯಿ ಹೇಗೆ ತಿನ್ನುವುದು ಎಂದುಕೊಂಡಿದ್ದವಳು ಇನ್ನೊಂದು ಕೇಳಿದೆ. ಬೆಲೆ ಮಾತ್ರ ಕೇಳಬೇಡಿ. ಕೆಲವು ವರ್ಷಗಳ ಹಿಂದೆ ಆ ಸಮುದ್ರದಲ್ಲೂ ಸಾರ್ಡೀನ್ ಕಡಿಮೆಯಾಗಿ, ಹಿಡಿಯುವ ಲೆಕ್ಕಕ್ಕೆ ಮಿತಿ ಹಾಕಿದ್ದರು. ಮಲ್ಪೆಯಲ್ಲಿ ಬೂತಾಯಿ ಬರದ ವರ್ಷ ಏನಾಗುತ್ತದೆ ಎಂದು ಗೊತ್ತಿರುವ ನನಗೆ ಅದನ್ನು ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ. ಮುಳ್ಳಿಗೆ ಹೆದರುವ ಇವರು ಹಂದಿಮಾಂಸದ ಬಿಫಾನಾ ಬನ್ನು ತಿಂದರು. ಸಸ್ಯಾಹಾರಿಗಳು ಆ ರಾತ್ರಿ ಮನೆಯಿಂದಲೇ ಊಟ ಮಾಡಿ ಹೊರಡುವುದು ಒಳ್ಳೆಯದು. ಆಲೂಗಡ್ಡೆ-ಸೊಪ್ಪಿನ ಕಾಲ್ದು ವೆರ್ದ್ ಸೂಪಿನಲ್ಲೂ ಒಂದು ಸಾಸೇಜಿನ ಹೋಳು ತೇಲುತ್ತಿರುತ್ತದೆ.

ಇನ್ನು ಹಾಡು. ಅಂದು ರಾತ್ರಿ ಫಾದೋ ಕೇಳೋಣ ಎಂದು ಇವರದು ಒಂದೇ ಹಟ. "ಇವತ್ತು ಬೇಡ ಭಾವ, ಇವತ್ತು ಪಿಂಬಾ ರಾತ್ರಿ" ಎಂದಳು ತಂಗಿ. ಪಿಂಬಾ ಎಂದರೆ ಕೀಬೋರ್ಡು, ಅಕಾರ್ಡಿಯನ್, ಡಬಲ್ ಮೀನಿಂಗ್ ಸಾಹಿತ್ಯ. ಓಣಿ ಓಣಿಯಲ್ಲೂ ಬೇರೆ ಬೇರೆ ಸ್ಪೀಕರು. ಎಂಬತ್ತರ ಅಜ್ಜಿಯೊಬ್ಬಳು ಇವರ ಕೈ ಹಿಡಿದು ಎಳೆದುಕೊಂಡೇ ಹೋದಳು. ಕೆ.ಆರ್. ನಗರದ ಮಾನ ಉಳಿಯಿತು ಎಂದು ಹೇಳಲಾರೆ, ಆದರೆ ಕುಣಿದರು. ಮನೆ ಸೇರಿದಾಗ ಬೆಳಕು ಹರಿಯಲು ಜಾಸ್ತಿ ಹೊತ್ತು ಇರಲಿಲ್ಲ.

ಜೂನ್ 13, ಶುಕ್ರವಾರ

ರಜೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಲಿಸ್ಬನ್ ಖಾಲಿ. ನಗರಸಭೆಯವರು ಪೈಪು ಹಿಡಿದು ಮೆಟ್ಟಿಲುಗಳ ಮೇಲಿನ ಮೀನೆಣ್ಣೆ ತೊಳೆಯುತ್ತಿದ್ದರು. ಅಂಗಡಿ ಮುಚ್ಚಿದ್ದವು. ಊರು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

ಸಾಂತಾ ಲುಜಿಯಾದ ಕಟ್ಟೆಯ ಮೇಲೆ ಕಾಗದದ ಹೂ ಬಳ್ಳಿಯ ಚಪ್ಪರ. ಕೆಳಗೆ ಕೆಂಪು ಹೆಂಚುಗಳು, ಅದರಾಚೆ ಸಮುದ್ರದಷ್ಟೇ ಅಗಲದ ತೇಜು ನದಿ. ಹೆಂಚಿನ ಮಾಡು ನೋಡಿ ಇವರು "ಮಂಗ್ಳೂರು ಹೆಂಚು ಕಣೇ" ಎಂದರು. ಅಲ್ಲ, ಇದು ಉದ್ದುದ್ದ ಬಾಗಿದ ಹೆಂಚು. ಪಕ್ಕದ ಗೋಡೆಯಲ್ಲಿ ನೀಲಿ ಟೈಲ್ಸಿನ ದೊಡ್ಡ ಚಿತ್ರ ಇದೆ, ಭೂಕಂಪಕ್ಕಿಂತ ಮುಂಚೆ ಅರಮನೆ ಚೌಕ ಹೇಗಿತ್ತು ಎಂದು. ಇನ್ನೊಂದರಲ್ಲಿ 1147ರಲ್ಲಿ ಪೋರ್ಚುಗಲ್‌ನ ಮೊದಲ ರಾಜ ಅಫೊನ್ಸೊ ಎನ್ರಿಕೆಶ್ ಮೂರ್ ಮುಸ್ಲಿಮರ ಕೈಯಿಂದ ಕೋಟೆ ಕಿತ್ತುಕೊಂಡದ್ದು. ಆ ಕೋಟೆ ಮೇಲೆ ತೆರೆದೇ ಇತ್ತು. ಹತ್ತಿದೆವು, ಗೋಡೆಯ ಮೇಲೆ ಒಂದು ಸುತ್ತು ಬಂದೆವು, ಪೈನ್ ಮರದಡಿ ನವಿಲುಗಳನ್ನು ನೋಡಿದೆವು. ಕೋಟೆ ನೋಡಿದವರಿಗೆ ಕೋಟೆ ಹೊಸದೇನಲ್ಲ. ಅಲ್ಲಿಗೆ ಹೋಗಬೇಕಾದದ್ದು ಊರು ಕಾಣುವುದಕ್ಕೆ.

ಇಳಿದು ಸಂತ ಅಂತೋಣಿಯ ಚರ್ಚಿಗೆ ಬಂದೆವು. ಸೆ ಕೆಥೆಡ್ರಲ್‌ನ ಕೆಳಗೇ ಇದೆ. ಪದುವಾದ ಅಂತೋಣಿ ಎಂದು ಲೋಕವೆಲ್ಲ ಕರೆಯುವ ಸಂತ ಹುಟ್ಟಿದ್ದು ಇಲ್ಲಿ, ಸುಮಾರು 1195ರಲ್ಲಿ. ಆಗ ಹೆಸರು ಫೆರ್ನಾಂದು. ಇಟಲಿಯ ಪದುವಾದಲ್ಲಿ 1231ರ ಜೂನ್ 13ರಂದು ತೀರಿಕೊಂಡ. ಅವನನ್ನು ಪದುವಾದವನು ಎಂದರೆ ಲಿಸ್ಬನ್‌ನವರಿಗೆ ಈಗಲೂ ಸಿಟ್ಟು. ಇನ್ನೊಂದು ವಿಷಯ ಗೊತ್ತಾ? ನಗರದ ಅಧಿಕೃತ ಸಂತ ಇವನಲ್ಲ, ಸಂತ ವಿಸೆಂತ್. ಕಾಗೆಗಳಿರುವ ಹಡಗಿನ ಲಾಂಛನ ಅವನ ಕಥೆಯದ್ದು. ಆದರೆ ರಜೆ, ಮೀನು, ಹಾಡು, ಮದುವೆ ಎಲ್ಲ ಅಂತೋಣಿಗೆ. ಹಿಂದೆ ಸೈನ್ಯದವರು ಇವನನ್ನು ದಾಖಲೆಯಲ್ಲಿ ಸಿಪಾಯಿಯಾಗಿ ಸೇರಿಸಿಕೊಂಡು, ಆಮೇಲೆ ಕ್ಯಾಪ್ಟನ್ ಆಗಿ ಬಡ್ತಿಯನ್ನೂ ಕೊಟ್ಟಿದ್ದರಂತೆ. ಸತ್ತು ನಾನೂರು ವರ್ಷ ಆದಮೇಲೆ!

1755ರಲ್ಲಿ ಚರ್ಚು ಬಿತ್ತು, ನೆಲಮಾಳಿಗೆ ಉಳಿಯಿತು. ಮತ್ತೆ ಕಟ್ಟಲು ಊರಿನ ಮಕ್ಕಳು ಬೀದಿಯಲ್ಲಿ ಪುಟ್ಟ ಪೀಠ ಅಲಂಕರಿಸಿ ಕೂತು "ಸಂತ ಅಂತೋಣಿಗೆ ಒಂದು ನಾಣ್ಯ" ಎಂದು ಬೇಡುತ್ತಿದ್ದರು ಎನ್ನುತ್ತಾರೆ. ಆ ಪೀಠಗಳು ಈಗಲೂ ಅಲ್ಫಾಮಾದ ಕಿಟಕಿಗಳಲ್ಲಿ ಇರುತ್ತವೆ. ನೆಲಮಾಳಿಗೆಗೆ ಇಳಿಯಲು ಉದ್ದ ಸಾಲು. ಹೊರಗೆ ಹರಸಿದ ಸಣ್ಣ ಬನ್ನುಗಳನ್ನು ಕೊಡುತ್ತಿದ್ದರು. ಅದನ್ನು ತಿನ್ನದೆ ಮನೆಯಲ್ಲಿ ವರ್ಷವಿಡೀ ಇಟ್ಟುಕೊಂಡರೆ ಊಟಕ್ಕೆ ಕೊರತೆ ಬರುವುದಿಲ್ಲವಂತೆ. ಇವರು ಇದ್ದಕ್ಕಿದ್ದ ಹಾಗೆ ಫೋನು ತೆಗೆದು ಅಮ್ಮನಿಗೆ ವಿಡಿಯೊ ಕಾಲ್ ಮಾಡಿದರು. ಕಾರಣ ಡೋರ್ನಹಳ್ಳಿ. ಕೆ.ಆರ್. ನಗರದ ಹತ್ತಿರದ ಡೋರ್ನಹಳ್ಳಿಯಲ್ಲಿ ಸಂತ ಅಂತೋಣಿಯ ದೊಡ್ಡ ಚರ್ಚು ಇದೆ, ಅದರ ಜಾತ್ರೆಯೂ ಜೂನ್ 13ಕ್ಕೇ. ಹೊಲ ಉಳುವಾಗ ಮೂರ್ತಿ ಸಿಕ್ಕಿತು ಎಂಬ ಕಥೆ ಅಲ್ಲಿಯದು. ಎಲ್ಲ ಜಾತಿ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ಅತ್ತೆ ಪರದೆ ನೋಡಿ, "ಅಲ್ಲೂ ಅಂತೋಣಿಯವ್ರಾ? ಇಲ್ಲಿ ಈಗಷ್ಟೇ ಹೋಗ್ಬಂದೆ, ಕಾಲಿಡಕ್ಕೆ ಜಾಗ ಇರ್ಲಿಲ್ಲ. ನನ್ ಹೆಸ್ರಲ್ಲೂ ಒಂದು ಮೇಣದ ಬತ್ತಿ ಹಚ್ರಪ್ಪ" ಎಂದರು. ಹಚ್ಚಿದೆವು.

ಸಾಯಂಕಾಲ ಮೆರವಣಿಗೆ. ರಾತ್ರಿ ಕಂಡ ಊರಿಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನಿಸುವಷ್ಟು ಶಿಸ್ತು. ಹೆಗಲ ಮೇಲೆ ಮೂರ್ತಿ, ಹಿಂದೆ ಬ್ಯಾಂಡು, ಅದೇ ಮೀನಿನ ವಾಸನೆಯ ಓಣಿಗಳಲ್ಲಿ ಮೆಲ್ಲಗೆ ಏರಿಳಿದು ಹೋಯಿತು. ಮೇಲಿನ ಕಿಟಕಿಗಳಲ್ಲಿ ಒಳ್ಳೆಯ ಚಾದರ ಇಳಿಬಿಟ್ಟಿದ್ದರು. ಹೂವಿನ ಪಕಳೆ ಉದುರಿಸುತ್ತಿದ್ದರು.

ರಾತ್ರಿ ಕೊನೆಗೂ ಫಾದೋ. ಎರಡು ತರ ಕೇಳಬಹುದು. ಒಂದು, ಮೂರು ಕೋರ್ಸಿನ ಊಟದ ಜೊತೆ ಬರುವ ದುಬಾರಿ ಕಾರ್ಯಕ್ರಮ. ಅಲ್ಲಿ ಒಳ್ಳೆಯ ಗಾಯಕರೇ ಇರುತ್ತಾರೆ, ಇಲ್ಲವೆನ್ನುವುದಿಲ್ಲ. ಇನ್ನೊಂದು ಫಾದೋ ವಾದಿಯು. ಸಣ್ಣ ಹೋಟೆಲು, ಹಾಡಲು ಬರುವ ಯಾರು ಬೇಕಾದರೂ ಎದ್ದು ಹಾಡಬಹುದು. ತಂಗಿ ಕರೆದುಕೊಂಡು ಹೋದದ್ದು ಎರಡನೆಯದಕ್ಕೆ. ಓಣಿಯ ಕೊನೆಯಲ್ಲಿ ಇಪ್ಪತ್ತು ಜನ ಕೂರುವಷ್ಟು ಜಾಗ. ವೇದಿಕೆ ಇಲ್ಲ, ಮೈಕು ಇಲ್ಲ. ಮೂಲೆಯಲ್ಲಿ ಎರಡು ಕುರ್ಚಿ.

ಒಂದು ಕುರ್ಚಿಯಲ್ಲಿ ಸಾಮಾನ್ಯ ಗಿಟಾರ್ ಹಿಡಿದವನು. ಅದನ್ನು ಅವರು ವಿಯೋಲಾ ಅನ್ನುತ್ತಾರೆ. ಇನ್ನೊಂದರಲ್ಲಿ ಪೋರ್ಚುಗೀಸ್ ಗಿಟಾರ್ ಹಿಡಿದ ಮುದುಕ. ನನ್ನ ಕುರ್ಚಿ ಅವನಿಗೆ ಎಷ್ಟು ಹತ್ತಿರ ಇತ್ತೆಂದರೆ ಮೊಣಕಾಲು ತಾಗುತ್ತಿತ್ತು. ವಾದ್ಯದ ಹೊಟ್ಟೆ ದುಂಡಗೆ. ತಂತಿ ಹನ್ನೆರಡು, ಎರಡೆರಡರ ಆರು ಜೋಡಿ. ತಲೆಯಲ್ಲಿ ಬೀಸಣಿಗೆ ಬಿಚ್ಚಿದ ಹಾಗೆ ತಿರುಪುಗಳ ಸಾಲು. ಅವನು ಜೇಬಿನಿಂದ ಸಣ್ಣ ಡಬ್ಬಿ ತೆಗೆದ. ಅದರೊಳಗೆ ಎರಡು ಕೃತಕ ಉಗುರು. ಒಂದನ್ನು ಹೆಬ್ಬೆರಳಿಗೆ, ಒಂದನ್ನು ತೋರುಬೆರಳಿಗೆ ಇಟ್ಟು, ಟೇಪು ಹಲ್ಲಿನಲ್ಲಿ ಕಚ್ಚಿ ಹರಿದು ಬಿಗಿಯಾಗಿ ಸುತ್ತಿಕೊಂಡ. ಒಮ್ಮೆ ಮೀಟಿ ನೋಡಿ, ಸರಿ ಬರದೆ, ಟೇಪು ಬಿಚ್ಚಿ ಮತ್ತೆ ಸುತ್ತಿದ. ಯಾರಿಗೂ ಅವಸರ ಇರಲಿಲ್ಲ.

ಆಮೇಲೆ ದೀಪ ಕಡಿಮೆ ಮಾಡಿದರು. ಹೋಟೆಲಿನಾತ "ಸಿಲೆನ್ಸಿಯು, ಫಾದೋ ಹಾಡ್ತಾರೆ" ಎಂಬರ್ಥದ ಮಾತು ಹೇಳಿದ. ಅದು ವಿನಂತಿಯಲ್ಲ, ಆಜ್ಞೆ. ತಟ್ಟೆ ತರುವುದು ನಿಂತಿತು. ನಮ್ಮ ಪಕ್ಕದ ಟೇಬಲಿನ ಪ್ರವಾಸಿ ಒಬ್ಬ ಪಿಸುಗುಟ್ಟಿದ್ದಕ್ಕೆ ಇಡೀ ಕೋಣೆ ತಿರುಗಿ ನೋಡಿತು. ಅಷ್ಟು ಹೊತ್ತು ನಮಗೆ ಸೂಪು ತಂದುಕೊಟ್ಟ ಹೆಂಗಸೇ ಏಪ್ರನ್ ಬಿಚ್ಚಿ, ಕಪ್ಪು ಶಾಲು ಹೊದ್ದು, ಗಿಟಾರಿನವರ ಮುಂದೆ ನಿಂತಳು. ಆ ಶಾಲು ಮಾರಿಯಾ ಸೆವೇರಾಳ ನೆನಪಿಗೆ ಎನ್ನುತ್ತಾರೆ. ಮೊರಾರಿಯಾ ಕೇರಿಯ ಬಡ ಹೆಂಗಸು, ವೇಶ್ಯೆ, ಹಾಡುಗಾರ್ತಿ, 1846ರಲ್ಲಿ ಇಪ್ಪತ್ತಾರಕ್ಕೇ ತೀರಿಹೋದವಳು. ಫಾದೋದ ಮೊದಲ ದೊಡ್ಡ ಹೆಸರು ಅವಳದ್ದೇ.

ಹಾಡುವಾಗ ಆಕೆ ಕಣ್ಣು ಮುಚ್ಚಿ ತಲೆ ಹಿಂದಕ್ಕೆ ಚೆಲ್ಲಿದ್ದಳು. ಕೈ ಆಡಿಸಲಿಲ್ಲ, ಶಾಲಿನ ಅಂಚು ಗಟ್ಟಿಯಾಗಿ ಹಿಡಿದಿದ್ದಳಷ್ಟೇ. ವಿಯೋಲಾ ತಾಳ ಬಿಡದೆ ನಡೆಯುತ್ತಿತ್ತು. ಅವಳು ಮಾತ್ರ ತಾಳಕ್ಕೆ ಕಟ್ಟುಬೀಳದೆ ಸಾಲನ್ನು ಎಳೆಯುತ್ತಿದ್ದಳು, ಒಂದು ಕಡೆ ನಿಲ್ಲಿಸಿಯೇ ಬಿಡುತ್ತಿದ್ದಳು. ಆ ನಿಂತ ಜಾಗದಲ್ಲಿ ಮುದುಕನ ಗಿಟಾರು ಸಣ್ಣಗೆ ಉತ್ತರ ಕೊಡುತ್ತಿತ್ತು. ಅವಳು ಬಾಯಿ ತೆರೆದ ಕೂಡಲೇ ಅದು ಹಿಂದೆ ಸರಿಯುತ್ತಿತ್ತು. ಕೊನೆಯ ಸಾಲು ಮುಗಿದ ಮೇಲೆ ಎರಡು ಗಟ್ಟಿ ಏಟು, ಅಲ್ಲಿಗೆ ಹಾಡು ಬಂದ್. ಯಾರೋ ಹಿಂದಿನಿಂದ "ಆಹ್, ಫದಿಸ್ತಾ!" ಎಂದರು. ಆಕೆ ಶಾಲು ತೆಗೆದು ಮತ್ತೆ ತಟ್ಟೆ ಎತ್ತಿಕೊಂಡಳು.

ಮುಂದೆ ಬಂದವರು ಟ್ಯಾಕ್ಸಿ ಓಡಿಸುವವರಂತೆ, ಎಪ್ಪತ್ತು ದಾಟಿದ ಮನುಷ್ಯ. ಗಿಟಾರಿನವನ ಕಿವಿಯಲ್ಲಿ ಎರಡು ಮಾತು ಹೇಳಿದರು. ರಿಹರ್ಸಲ್ ಇಲ್ಲ, ಹಾಳೆ ಇಲ್ಲ, ತಕ್ಷಣ ಶುರು. ಇದು ಹೇಗೆ ಎಂದು ಇವರಿಗೆ ಆಶ್ಚರ್ಯ. ತಂಗಿ ವಿಚಾರಿಸಿ ಹೇಳಿದ್ದು ಕೇಳಿ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಹಳೆಯ ಫಾದೋದಲ್ಲಿ ಧಾಟಿಗಳು ಎಲ್ಲರ ಸ್ವತ್ತು. ಮೆನೋರ್, ಕೊರ್ರಿದು, ಮೊರಾರಿಯಾ, ಹೀಗೆ ನೂರಕ್ಕೂ ಹೆಚ್ಚು ಧಾಟಿಗಳಿಗೆ ಹೆಸರಿದೆ. ನಾಲ್ಕು ಸಾಲಿನದ್ದು, ಐದು ಸಾಲಿನದ್ದು, ಆರು ಸಾಲಿನದ್ದು ಎಂದು ಲೆಕ್ಕವೂ ಇದೆ. ಲೆಕ್ಕಕ್ಕೆ ಹೊಂದುವ ಯಾವ ಪದ್ಯವನ್ನಾದರೂ ಅದರಲ್ಲಿ ಹಾಡಬಹುದು. ಅವರು ಕಿವಿಯಲ್ಲಿ ಹೇಳಿದ್ದು ಧಾಟಿಯ ಹೆಸರು ಮತ್ತು ಶ್ರುತಿ, ಅಷ್ಟೇ. ಯಕ್ಷಗಾನದ ಭಾಗವತರು ಒಂದು ಪದ್ಯಕ್ಕೆ "ಇಂಥದರ ಮಟ್ಟು" ಎಂದು ಹೇಳಿದರೆ ಮದ್ದಳೆಯವನಿಗೆ ಸಾಕಲ್ವಾ, ಹಾಗೆ. ಪದ್ಯ ಅವರದ್ದೇ, ಹೆಂಡತಿ ತೀರಿಕೊಂಡ ಮೇಲೆ ಬರೆದದ್ದು ಎಂದು ತಂಗಿ ಪಿಸುಗುಟ್ಟಿದಳು. ಪಿಸುಗುಟ್ಟಿದ್ದಕ್ಕೆ ಅವಳನ್ನೂ ಒಬ್ಬರು ದುರುಗುಟ್ಟಿ ನೋಡಿದರು.

ದನಿ ಒಡೆದಿತ್ತು. ಮೇಲಿನ ಸ್ವರಕ್ಕೆ ಹೋಗಲು ಅವರಿಂದ ಆಗಲಿಲ್ಲ, ಅಲ್ಲೇ ಕೆಳಗೆ ನಿಂತು ಮಾತಿನ ಹಾಗೆ ಹೇಳಿದರು. ಗಿಟಾರಿನ ಮುದುಕ ಮುಖ ನೋಡಿಕೊಂಡೇ ನುಡಿಸಿದ, ಎಲ್ಲೂ ಮುಂದೆ ಹೋಗಲಿಲ್ಲ. ಅವತ್ತು ಕೇಳಿದವುಗಳಲ್ಲಿ ನನಗೆ ಉಳಿದದ್ದು ಇದೇ ಹಾಡು. ಒಳ್ಳೆಯ ಕಂಠಗಳು ಆಮೇಲೂ ಬಂದವು. ಒಬ್ಬಳು ಕಾಲೇಜು ಹುಡುಗಿಯಂತೂ ಕೋಣೆ ನಡುಗಿಸಿದಳು. ಆದರೆ ಹಾಡನ್ನು ಇಷ್ಟು ಜನ ಸೇರಿ ಬೀಳದಂತೆ ಹಿಡಿದುಕೊಂಡದ್ದು ಆಗ ಮಾತ್ರ. ದುಬಾರಿ ಊಟದ ಕಾರ್ಯಕ್ರಮದಲ್ಲಿ ಒಡೆದ ದನಿಗೆ ಯಾರೂ ಅವಕಾಶ ಕೊಡುವುದಿಲ್ಲ. ಅದಕ್ಕೇ ನನ್ನ ಓಟು ಸಣ್ಣ ಹೋಟೆಲಿಗೆ.

ಜೂನ್ 14, ಶನಿವಾರ

ಶನಿವಾರ ಎಂದರೆ ಫೈರಾ ದ ಲಾದ್ರ, ಹಳೆ ಸಾಮಾನಿನ ಸಂತೆ. ಒಡೆದ ಟೈಲ್ಸು, ಹಿತ್ತಾಳೆ ಚಿಲಕ, ಹಳೆ ರೆಕಾರ್ಡು. ಸಂತೆಯ ಪಕ್ಕದಲ್ಲೇ ಪ್ಯಾಂಥಿಯನ್, ನಿನ್ನೆ ಮುಚ್ಚಿದ್ದು ಇವತ್ತು ತೆರೆದಿತ್ತು. ಸಾಂತಾ ಎಂಗ್ರಾಸಿಯಾ ಎಂಬ ಈ ಚರ್ಚನ್ನು ಹದಿನೇಳನೇ ಶತಮಾನದಲ್ಲಿ ಕಟ್ಟಲು ಹಿಡಿದು, ಗುಮ್ಮಟ ಮುಗಿದದ್ದು 1966ರಲ್ಲಿ. ಒಳಗೆ ಅಮಾಲಿಯಾ ರೊದ್ರಿಗೇಶ್ ಸಮಾಧಿ ಇದೆ. 1999ರಲ್ಲಿ ಆಕೆ ತೀರಿಕೊಂಡಾಗ ಸರ್ಕಾರ ಮೂರು ದಿನ ಶೋಕ ಘೋಷಿಸಿತ್ತು. 2001ರಲ್ಲಿ ಇಲ್ಲಿಗೆ ತಂದರು. ಇಲ್ಲಿ ಜಾಗ ಪಡೆದ ಮೊದಲ ಹೆಂಗಸು ಆಕೆ. ಉಳಿದ ದೊಡ್ಡವರ ಸಮಾಧಿಗಳ ಮುಂದೆ ಏನೂ ಇರಲಿಲ್ಲ, ಆಕೆಯ ಮುಂದೆ ಹಸಿ ಹೂವು ಇತ್ತು.

ಕೆಳಗೆ ಅಲ್ಫಾಮಾದಲ್ಲಿ ಫಾದೋ ಮ್ಯೂಸಿಯಂ, ಹಳೆಯ ನೀರೆತ್ತುವ ಪಂಪ್‌ಹೌಸಿನಲ್ಲಿ 1998ರಲ್ಲಿ ತೆರೆದದ್ದು. ಜೊಸೆ ಮಲ್ಯೋವಾ 1910ರಲ್ಲಿ ಬರೆದ ಚಿತ್ರ ಅಲ್ಲಿದೆ. ಗಿಟಾರ್ ನುಡಿಸುವ ಪೋಲಿಯೂ ಅವನ ಪಕ್ಕ ಮೈಮರೆತ ಹೆಂಗಸೂ. ಒಂದು ಗಾಜಿನ ಪೆಟ್ಟಿಗೆಯಲ್ಲಿ ಸೆನ್ಸಾರಿನ ಕಾಲದ ಕಾಗದಗಳು. 1927ರಿಂದ ಹಾಡುವವರಿಗೆ ಲೈಸೆನ್ಸ್ ಕಾರ್ಡು ಬೇಕಾಯಿತು, ಸಾಹಿತ್ಯ ಮೊದಲೇ ತೋರಿಸಿ ಮುದ್ರೆ ಹಾಕಿಸಿಕೊಳ್ಳಬೇಕಾಯಿತು. ಬಾಯಿಗೆ ಬಂದದ್ದು ಕಟ್ಟಿ ಹಾಡುವ ಅಭ್ಯಾಸಕ್ಕೆ ಏಟು ಬಿದ್ದದ್ದು ಆಗಲೇ. ಫಾದೋ ಯುನೆಸ್ಕೊ ಪಟ್ಟಿಗೆ ಸೇರಿದ್ದು 2011ರಲ್ಲಿ. ಇವರು ಹೆಡ್‌ಫೋನು ಹಾಕಿಕೊಂಡು ಒಂದೊಂದೇ ಧಾಟಿ ಕೇಳುತ್ತಾ ಅಲ್ಲೇ ತಳವೂರಿದರು. ನಾನು, ತಂಗಿ ಹೊರಗೆ ಕಾಫಿಗೆ ಹೋದೆವು.

ಕಾಫಿ ಅಂಗಡಿಯಲ್ಲಿ ಜಗಳ ಜೋರಾಗಿತ್ತು. ಮಾರ್ಶಾಸ್‌ನ ಫಲಿತಾಂಶ ಬಂದಿತ್ತು. ಅಂಗಡಿಯಾಕೆ ಒಂದು ಕೇರಿಯವಳು, ಬ್ರೆಡ್ಡು ತಂದ ಹುಡುಗ ಇನ್ನೊಂದು ಕೇರಿಯವನು. ಜಡ್ಜ್‌ಗಳಿಗೆ ಕಣ್ಣು ಕಾಣುವುದಿಲ್ಲ ಎಂದು ಅವಳು, ನಿಮ್ಮವರ ಕಮಾನು ವಾಲಿತ್ತು ಎಂದು ಅವನು. ಕಮಾನು ಗಾಳಿಗೆ ವಾಲಿದ್ದು ಎಂದು ಅವಳು ತಿರುಗಿಬಿದ್ದಳು. ತಂಗಿ ನಡುವೆ ಬಾಯಿ ಹಾಕಿ, ಇವರೂ ಆ ರಾತ್ರಿ ನೋಡಿದ್ದಾರೆ, ಇವರನ್ನೇ ಕೇಳಿ ಎಂದುಬಿಟ್ಟಳು. ಇಬ್ಬರೂ ನನ್ನ ಕಡೆ ತಿರುಗಿದರು. ಕಾಫಿ ಕೊಟ್ಟವಳ ಪರ ಹೇಳಿದೆ. ಪಾಸ್ತೆಲ್ ಒಂದು ಜಾಸ್ತಿ ಬಂತು.